ಬೆರಳ ಸಂದಿ, ಪುಟದ ಸಂದಿ

ಜುಲೈ 2

ಇದು ಡಾಕ್ಟರಮ್ಮನ ಅಪ್ಪಣೆಯಂತೆ ಬರೆಯುತ್ತಿರುವ ದಿನಚರಿ. ನನ್ನ ಇಚ್ಛೆಯಿಂದಲ್ಲ ಎಂಬುದು ಮೊದಲೇ ದಾಖಲಾಗಿರಲಿ.

ಹೋಗಿದ್ದು ಬರೀ ಕೆಮ್ಮಿಗೆ. ಕುರ್ಚಿಯಲ್ಲಿ ಕೂತ ಮೇಲೆ ಒಂದೊಂದೇ ಹೊರಬಂತು: ಕತ್ತಿನ ಸುತ್ತ ಬೆವರುಸಾಲೆ, ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣು, ಮಧ್ಯಾಹ್ನವಾದರೆ ತಲೆಭಾರ, ಯಾರು ಮಾತಾಡಿಸಿದರೂ ಮೈಯುರಿ. ಕೊನೆಯದಕ್ಕೂ ಮಳೆಗಾಲಕ್ಕೂ ಸಂಬಂಧವಿಲ್ಲ, ಅದು ಹನ್ನೆರಡು ತಿಂಗಳೂ ಇರುವಂಥದ್ದು ಎಂದು ಜೊತೆಗೆ ಬಂದಿದ್ದ ಚಿಕ್ಕಮ್ಮ ವಿವರಿಸಿದಳು. ನಾನು ಮದುವೆಯಾಗದೆ ಐವತ್ತೊಂದಕ್ಕೆ ಬಂದಿರುವುದೂ, ತನ್ನನ್ನು ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ನಾನೇ ಸಾಕುತ್ತಿರುವುದೂ, ಆದರೆ ನಿಜವಾಗಿ ನೋಡಿದರೆ ತಾನೇ ನನ್ನನ್ನು ಸಾಕುತ್ತಿರುವುದೂ ಎಲ್ಲ ಹೇಳಿ ಮುಗಿಸಿದಳು. ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು.

"ಮಾತ್ರೆ ಅರ್ಧ ಕೆಲಸ ಮಾಡುತ್ತೆ, ಮಿಕ್ಕರ್ಧ ನೀವು ಮಾಡ್ಬೇಕು," ಎಂದರು ಡಾಕ್ಟರಮ್ಮ. ನೆನೆದರೆ ತಕ್ಷಣ ಒರೆಸಿಕೊಳ್ಳಬೇಕು, ಅದರಲ್ಲೂ ಬೆರಳ ಸಂದಿ. ಸಡಿಲವಾದ ಹತ್ತಿಬಟ್ಟೆ ಹಾಕಬೇಕು. ಬಾಯಾರದಿದ್ದರೂ ಆಗಾಗ ಬಿಸಿನೀರು ಕುಡಿಯಬೇಕು. ಮಧ್ಯಾಹ್ನ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂರಬೇಕು. ದಿನಕ್ಕೊಮ್ಮೆ ನನಗೆ ನಾನೇ ಒಂದು ಒಳ್ಳೆಯ ಮಾತು ಹೇಳಿಕೊಳ್ಳಬೇಕು, ಹೇಗಿದ್ದೇನೆಂದು ಬರೆದಿಡಬೇಕು.

"ಒಳ್ಳೆ ಮಾತು ಅಂದ್ರೆ?" ಎಂದು ಕೇಳಿದೆ.

"ನೋಡಿ, ಕಾಯಿಲೆ ಇರೋದೇ ಇಲ್ಲಿ," ಎಂದಳು ಚಿಕ್ಕಮ್ಮ.

ಕೆಲಸಕ್ಕೆ ಹೋದರೆ ಮೇಜಿನ ಮೇಲೆ ಕೇಂದ್ರ ಕಚೇರಿಯ ಪತ್ರ. ನಮ್ಮ ಶಾಖಾ ಗ್ರಂಥಾಲಯದಲ್ಲಿ ಎರಡು ಮಳೆಗಾಲದಿಂದ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತಿದೆಯಾದ್ದರಿಂದ ಮೂವತ್ತನೇ ತಾರೀಕು ಅಧಿಕಾರಿಯೊಬ್ಬರು ಬಂದು ಕೋಣೆಯ ತೇವ ಅಳೆಯುತ್ತಾರೆ. ಶೇಕಡಾ ಅರವತ್ತೈದರ ಒಳಗಿದ್ದರೆ ಸರಿ. ಮೀರಿದ್ದರೆ ಪುಸ್ತಕಗಳು ಕಚೇರಿಯ ಗೋದಾಮಿಗೆ, ನಾನು ಅದೇ ಕಚೇರಿಯ ಮೂಲೆಯ ಒಂದು ಮೇಜಿಗೆ, ಶಾಖೆಗೆ ಬೀಗ. ಆ ಗೋದಾಮನ್ನು ನಾನು ಕಂಡಿದ್ದೇನೆ. ಆರು ವರ್ಷದ ಹಿಂದೆ ಮುಚ್ಚಿದ ಶಾಖೆಯೊಂದರ ಪುಸ್ತಕಗಳು ಇನ್ನೂ ಹಗ್ಗ ಬಿಚ್ಚದೆ ಅಲ್ಲೇ ಬಿದ್ದಿವೆ.

ಪತ್ರದ ಜೊತೆ ತೇವ ಅಳೆಯುವ ಗುಂಡಗಿನ ಒಂದು ಡಬ್ಬಿಯನ್ನೂ ಕಳಿಸಿದ್ದಾರೆ. ಗೋಡೆಗೆ ಹಾಕಿದೆ. ಎಪ್ಪತ್ತೆಂಟು ತೋರಿಸಿತು. ಅದಕ್ಕೆ ದುಂಡಣ್ಣ ಎಂದು ಹೆಸರಿಟ್ಟಿದ್ದೇನೆ.

ನನಗೆ ನಾನೇ ಹೇಳಿಕೊಂಡ ಒಳ್ಳೆಯ ಮಾತು: ಏನೂ ಹೊಳೆಯಲಿಲ್ಲ.

ಜುಲೈ 3

ಬಿಸಿನೀರು ನಾಲ್ಕು ಲೋಟ. ಶೌಚಾಲಯಕ್ಕೆ ಒಂಬತ್ತು ಸಲ. ಇದು ಆರೋಗ್ಯವಲ್ಲ, ಓಟದ ಪಂದ್ಯ.

ಜುಲೈ 5

ದುಂಡಣ್ಣ: 76. ಬೆವರುಸಾಲೆ ಹಾಗೇ ಇದೆ. ಕೆಮ್ಮು ಎಡಗಡೆಯಿಂದ ಬಲಗಡೆಗೆ ಬಂದಂತಿದೆ.

ಈ ದಿನ ಬಂದ ಓದುಗರು ಇಬ್ಬರು. ಒಬ್ಬರು ನಮ್ಮ ಪೇಪರ್ ತಾತ. ಹದಿನೈದು ವರ್ಷದಿಂದ ದಿನಾ ಬಂದು ಪತ್ರಿಕೆಗಳನ್ನು ಮೊದಲ ಅಕ್ಷರದಿಂದ ಮುದ್ರಕರ ವಿಳಾಸದವರೆಗೆ ಓದಿ ಹೋಗುತ್ತಾರೆ, ಪುಸ್ತಕ ಮುಟ್ಟುವುದಿಲ್ಲ. ಇನ್ನೊಬ್ಬರು ಮಳೆ ನಿಲ್ಲಲಿ ಎಂದು ಬಾಗಿಲ ಹತ್ತಿರ ನಿಂತವರು. ಅವರನ್ನು ಓದುಗರೆಂದು ಬರೆದುಕೊಂಡೆ. ನಿಜ ಹೇಳಬೇಕೆಂದರೆ ಈ ತಿಂಗಳು ಯಾರೂ ಬರದಿದ್ದರೇ ಒಳ್ಳೆಯದು. ಬರುವವರೆಲ್ಲ ಕೊಡೆ, ಕೂದಲು, ಪ್ಯಾಂಟಿನ ತುದಿ ಎಲ್ಲದರಲ್ಲೂ ನೀರು ತರುತ್ತಾರೆ. ಒಬ್ಬ ಒದ್ದೆ ಮನುಷ್ಯ ಒಳಗೆ ಬಂದರೆ ದುಂಡಣ್ಣ ಅರ್ಧ ಗೆರೆ ಮೇಲೇರುತ್ತಾನೆ. ನಾನೇ ನಿಂತು ನೋಡಿದ್ದೇನೆ.

ದಿನವಿಡೀ ಪುಸ್ತಕ ಒಣಗಿಸಿದೆ. ಇದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಪುಸ್ತಕವನ್ನು ನೇರ ನಿಲ್ಲಿಸಿ, ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ, ಇಪ್ಪತ್ತು ಪುಟಕ್ಕೊಂದರಂತೆ ಒತ್ತುಕಾಗದದ ಪಟ್ಟಿ ಇಡಬೇಕು. ಅದು ತೇವ ಹೀರಿದ ಮೇಲೆ ತೆಗೆದು ಬೇರೆ ಇಡಬೇಕು. ಒತ್ತಬಾರದು, ಅವಸರ ಮಾಡಬಾರದು, ಬಿಸಿಲಿಗೆ ಎಸೆಯಬಾರದು. ಪುಸ್ತಕಕ್ಕೆ ನೋವಾಗುತ್ತದೆ. ನೂರಾರು ಪಟ್ಟಿ ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಡಾಕ್ಟರಮ್ಮನ ಪಟ್ಟಿ ಮರೆಯದಿರಲೆಂದು ಕೈಗೆ ಸಿಕ್ಕ ಪಟ್ಟಿಗಳ ಮೇಲೆ ಬರೆದು ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದೇನೆ. 'ಬಿಸಿನೀರು ಕುಡಿ, ಈಗಲೇ.' 'ಬೆರಳ ಸಂದಿ ಒರೆಸಿಕೊಂಡೆಯಾ? ಸುಳ್ಳು ಹೇಳಬೇಡ.' 'ಇಪ್ಪತ್ತು ನಿಮಿಷ ಕಣ್ಣು ಮುಚ್ಚು, ಲೋಕ ಮುಳುಗುವುದಿಲ್ಲ.' ಒಳ್ಳೆಯ ಮಾತಿನ ಲೆಕ್ಕಕ್ಕೆ ಇದನ್ನೂ ಬರೆದೆ: 'ಮುಖ ಗಂಟಿಕ್ಕಿಕೊಂಡರೆ ಮಳೆ ನಿಲ್ಲುತ್ತದೆಯೇ?' ಇದು ಒಳ್ಳೆಯ ಮಾತೋ ಬೈಗುಳವೋ ಎಂದು ಚಿಕ್ಕಮ್ಮನನ್ನು ಕೇಳಿದೆ. "ನಿನ್ನ ಮಟ್ಟಿಗೆ ಮುದ್ದು ಮಾಡಿದ ಹಾಗೇ," ಎಂದಳು.

ಜುಲೈ 9

ಭೂಮಿ ಬಾಯಿ ಬಿಡಬಾರದೇ.

ಬೆಳಿಗ್ಗೆ ಬೇಕರಿಯವರು ಬಂದರು. ಎದುರು ರಸ್ತೆಯವರು, ಹೆಗಲು ಬಾಗಿಲಗಲ, ಧ್ವನಿ ಮಾತ್ರ ಬೆಣ್ಣೆ. ಪತ್ತೇದಾರಿ ಕಾದಂಬರಿ ವಾಪಸು ಕೊಟ್ಟು ಹೋಗದೆ ನಿಂತೇ ಇದ್ದರು. ಕೊನೆಗೆ ಜೇಬಿನಿಂದ ಒಂದು ಕಾಗದದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ನನ್ನ ಅಕ್ಷರ. 'ಬೆರಳ ಸಂದಿ ಒರೆಸಿಕೊಂಡೆಯಾ? ಸುಳ್ಳು ಹೇಳಬೇಡ.'

"ಕೊಲೆಗಾರ ಯಾರು ಅಂತ ಗೊತ್ತಾಗೋ ಪುಟದಲ್ಲಿ ಇತ್ತು ಮೇಡಂ," ಎಂದರು. "ನನಗೆ ಕೆಸರುಹುಣ್ಣು ಇರೋದು ನನ್ನ ಹೆಂಡ್ತಿಗೂ ಗೊತ್ತಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ನಡೆದಿರುವುದು ಇಷ್ಟು: ಮೇಜಿನ ಮೇಲಿದ್ದ ನನ್ನ ಪಟ್ಟಿಗಳನ್ನು ನಾನೇ, ಈ ಕೈಗಳಿಂದಲೇ, ಒದ್ದೆ ಪುಸ್ತಕಗಳಿಗೆ ತುರುಕಿದ್ದೇನೆ. ಇಪ್ಪತ್ತೆರಡು ವರ್ಷದ ಅಭ್ಯಾಸ. ಕೈಗೆ ಕಾಗದದ ಪಟ್ಟಿ ಸಿಕ್ಕರೆ ಕೈ ತಾನಾಗಿ ಪುಟದ ಸಂದಿ ಹುಡುಕುತ್ತದೆ.

ಅದು ನಿಮಗೆ ಬರೆದದ್ದಲ್ಲ, ನನಗೆ ನಾನೇ ಬರೆದುಕೊಂಡದ್ದು ಎಂದು ಹೇಳಬೇಕಾಗಿತ್ತು. ಆದರೆ ಹಾಗೆಂದರೆ ಗ್ರಂಥಪಾಲಕಿಗೆ ಕೆಸರುಹುಣ್ಣು ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. "ಹವಾಮಾನ ನೋಡಿ ಬರೆದಿದ್ದು," ಎಂದೆ.

"ಒರೆಸಿಕೊಂಡೆ ಮೇಡಂ," ಎಂದರು ಬೇಕರಿಯವರು, ಮೇಷ್ಟರ ಮುಂದೆ ನಿಂತ ಹಾಗೆ. "ಮೂರು ದಿನದಿಂದ ಒರೆಸಿಕೊಳ್ತಾ ಇದ್ದೀನಿ. ಉರಿ ಕಮ್ಮಿ ಆಗಿದೆ. ನನ್ನನ್ನ ಇಷ್ಟು ಸಲಿಗೆಯಿಂದ ಕೇಳಿದ್ದು ನಮ್ಮಮ್ಮ ಹೋದ ಮೇಲೆ ಯಾರೂ ಇಲ್ಲ."

ಆಮೇಲೆ ಆ ಪಟ್ಟಿಯನ್ನು ಮಡಿಸಿ ಮತ್ತೆ ಜೇಬಿಗಿಟ್ಟುಕೊಂಡು ಹೋದರು.

ಜುಲೈ 10

ಎಷ್ಟು ಪಟ್ಟಿ ಹೋಗಿವೆ? ಕಪಾಟಿನ ಪುಸ್ತಕವೆಲ್ಲ ಕೆಳಗಿಳಿಸಿ ಜಾಲಾಡಿದೆ. ಬರೆದದ್ದು ನಲವತ್ತು. ಇಪ್ಪತ್ತಾರು ಸಿಕ್ಕವು. ಹದಿನಾಲ್ಕು ಹೊರಗಿವೆ. ಅದರಲ್ಲಿ ಒಂದು 'ಇನ್ನೊಬ್ಬರ ಮೇಲೆ ರೇಗುವ ಮೊದಲು ಒಣಗಿದ ಕಾಲುಚೀಲ ಹಾಕಿಕೋ' ಎಂಬುದು. ಅದು ಯಾರ ಮನೆ ಸೇರಿತೋ.

ಚಿಕ್ಕಮ್ಮ ನಕ್ಕು ನಕ್ಕು ಮಂಚದ ಮೇಲೆ ಉರುಳಿದಳು. ಎಪ್ಪತ್ತನಾಲ್ಕು ವರ್ಷದವರು ಹಾಗೆ ನಗಬಾರದು. ಅವಳನ್ನು ಎತ್ತಿ ಕೂರಿಸುವಾಗ ನನಗೂ ಸ್ವಲ್ಪ ನಗು ಬಂತು. ಮೂಗಿನಿಂದ ಬಂತು, ಲೆಕ್ಕಕ್ಕಿಲ್ಲ.

ಜುಲೈ 13

ದುಂಡಣ್ಣ: 82. ಅಯ್ಯೋ.

ಹದಿನಾಲ್ಕು ಪಟ್ಟಿಗಳಲ್ಲಿ ಹನ್ನೊಂದು ವಾಪಸು ಬಂದಿವೆ, ಹಿಂದೆ ಉತ್ತರ ಬರೆಸಿಕೊಂಡು. 'ನಾಲ್ಕು ಲೋಟ ಕುಡಿದೆ. ಒಂಬತ್ತು ಸಲ ಹೋದೆ. ಇದು ಸರಿಯೇ?' ಸರಿಯಮ್ಮಾ, ನನಗೂ ಅಷ್ಟೇ ಆಯಿತು. 'ಕಾಲುಚೀಲ ಬದಲಿಸಿದೆ, ಆದರೂ ಅತ್ತೆಯ ಮೇಲೆ ರೇಗಿದೆ. ಇನ್ನೊಂದು ಜೊತೆ ಹಾಕಿಕೊಳ್ಳಲೇ?' ಒಂದರಲ್ಲಿ ಬರೀ 'ಥ್ಯಾಂಕ್ಸ್' ಎಂದಿತ್ತು, ಪೆನ್ಸಿಲಿನಲ್ಲಿ, ನಡುಗುವ ಅಕ್ಷರ.

ಉತ್ತರ ಬರೆಯದಿದ್ದರೆ ಮರ್ಯಾದೆಯಲ್ಲ ಎಂದು ಬರೆದೆ. ಬರೆದದ್ದನ್ನು ಪುಸ್ತಕದಲ್ಲಿಟ್ಟು ಕೊಟ್ಟೆ. ಅವರು ಪಕ್ಕದ ಮನೆಯವರಿಗೆ ಹೇಳಿದರು. ಇವತ್ತು ಬಂದವರು ನಲವತ್ತಮೂರು ಜನ. ಎಲ್ಲರೂ ಪುಸ್ತಕ ತೆಗೆಯುವುದು, ಹಾಳೆ ಕೊಡವುವುದು, ಪಟ್ಟಿ ಬಿದ್ದರೆ ಲಾಟರಿ ಹೊಡೆದಂತೆ ಕುಣಿಯುವುದು. ಟೈಲರಮ್ಮ ಮೇಜಿಗೆ ಬಂದು, "ನನಗೆ ಬೆವರುಸಾಲೆದು ಒಂದು ಕೊಡಿ, ಕಾದಂಬರಿ ಯಾವ್ದಾದ್ರೂ ಪರವಾಗಿಲ್ಲ," ಎಂದರು. ನಲವತ್ತಮೂರು ಕೊಡೆ ಮೂಲೆಯಲ್ಲಿ ನಿಂತು ಅಳುತ್ತಿದ್ದವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬುದು ಇದಕ್ಕೇ. ಹೀಗೆ ಜನ ಬಂದರೆ ಮೂವತ್ತನೇ ತಾರೀಕಿಗೆ ನನ್ನ ಕಥೆ ಮುಗಿಯಿತು.

ಇನ್ನೊಂದು ವಿಷಯ ತಿಳಿಯಿತು. ಬೀದಿಯವರೆಲ್ಲ ನನ್ನನ್ನು ಹಿಂದಿನಿಂದ 'ಶ್ ಮೇಡಂ' ಎಂದು ಕರೆಯುತ್ತಾರಂತೆ. ಇಪ್ಪತ್ತೆರಡು ವರ್ಷದಿಂದ.

ಜುಲೈ 14

ಸಿಟ್ಟು. ನಾನು ಯಾವಾಗ ಶ್ ಎಂದೆ? ಎಲ್ಲೋ ದಿನಕ್ಕೆ ಮೂವತ್ತು ಸಲ.

ಜುಲೈ 16

ಗಟ್ಟಿ ಮನಸ್ಸು ಮಾಡಿ ಬಾಗಿಲಿಗೆ ಸೂಚನೆ ಅಂಟಿಸಿದೆ: 'ಒದ್ದೆಯಾದವರಿಗೆ ಪ್ರವೇಶವಿಲ್ಲ.'

ಬೆಳಿಗ್ಗೆಯಿಂದ ಸಂಜೆಯವರೆಗೆ ಜಡಿಮಳೆ. ಆದ್ದರಿಂದ ಯಾರಿಗೂ ಪ್ರವೇಶವಿರಲಿಲ್ಲ. ಪೇಪರ್ ತಾತ ಗಾಜಿನಾಚೆ ನಿಂತು ಸೂಚನೆಯನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಎರಡು ಸಲ ಓದಿ, ಕೊಡೆ ಬಿಡಿಸಿಕೊಂಡು ಹೊರಟುಹೋದರು.

ಸಂಜೆ ದುಂಡಣ್ಣ: 64. ಗೆದ್ದೆ.

ಜುಲೈ 17

ದುಂಡಣ್ಣ: 63. ಗ್ರಂಥಾಲಯ ಎಂದರೆ ಹೀಗಿರಬೇಕು. ಒಣಗಿ, ಗಪ್‌ಚಿಪ್ಪಾಗಿ, ಕ್ರಮವಾಗಿ. ಫ್ಯಾನಿನ ಸದ್ದು ಒಂದೇ. ಫ್ಯಾನಿಗೆ ಮೂರು ರೆಕ್ಕೆ. ಒಂದು ಸ್ವಲ್ಪ ಬಾಗಿದೆ. ನಿಮಿಷಕ್ಕೆ ಎಷ್ಟು ಸಲ ಕಿರ್ ಎನ್ನುತ್ತದೆ ಎಂದೂ ಎಣಿಸಿದೆ.

ಮಧ್ಯಾಹ್ನ ಮೂರಕ್ಕೆ ಸೂಚನೆ ಕಿತ್ತು ತೆಗೆದೆ. ಗೋಂದು ಸರಿಯಾಗಿ ಹಿಡಿದಿರಲಿಲ್ಲ, ಒಂದು ಮೂಲೆ ಎದ್ದು ವಿಕಾರವಾಗಿ ಕಾಣುತ್ತಿತ್ತು. ಬೇರೆ ಕಾರಣವೇನಿಲ್ಲ.

ಜುಲೈ 20

ಇದು ಚಿಕ್ಕಮ್ಮನ ತಲೆ, ನನ್ನದಲ್ಲ. "ಜನ ಬರಬಾರ್ದು ಅಂತ ಯಾಕೆ ಅಂತೀಯ? ನೀರು ಬರಬಾರ್ದು ಅನ್ನು. ನೀರನ್ನ ಹೊರಗೆ ಬಿಡಿಸು, ಜನಾನ ಒಳಗೆ ಬಿಡು," ಎಂದಳು. ಹೇಳಿದ್ದಲ್ಲದೆ ಮನೆಯ ಹಳೇ ಟವೆಲುಗಳನ್ನೆಲ್ಲ ಗಂಟು ಕಟ್ಟಿಕೊಂಡು ತಾನೇ ಬಂದು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಳು.

ಈಗ ವ್ಯವಸ್ಥೆ ಹೀಗಿದೆ. ಕೊಡೆ ಹೊರಗಿನ ಹಗ್ಗಕ್ಕೆ. ಚಪ್ಪಲಿ ಬೆಂಚಿನ ಕೆಳಗೆ. ಟವೆಲಿನಲ್ಲಿ ತಲೆ, ಕೈ, ಕಾಲು, ಕೊನೆಗೆ ಬೆರಳ ಸಂದಿ. ಚಿಕ್ಕಮ್ಮ ಬಗ್ಗಿ ನೋಡಿ ಪಾಸು ಮಾಡಿದ ಮೇಲೆ ಒಂದು ಚಿಟಿಕೆ ಪೌಡರು. ಟೈಲರಮ್ಮ ಚೂರುಬಟ್ಟೆಯಿಂದ ಹೊಲಿದು ತಂದ ಬಟ್ಟೆ ಚಪ್ಪಲಿ ಹಾಕಿಕೊಂಡು ಒಳಗೆ. ಒಳಗೆ ಬಂದ ಮೇಲೆ ಫ್ಲಾಸ್ಕಿನಿಂದ ಅರ್ಧ ಲೋಟ ಬಿಸಿನೀರು. ಇಷ್ಟಾದ ಮೇಲೆ ಪುಸ್ತಕ ಮುಟ್ಟಬಹುದು. ಬ್ಯಾಂಕಿನ ಮ್ಯಾನೇಜರು ಕಾಲು ಮೇಲೆತ್ತಿ ಚಿಕ್ಕಮ್ಮನಿಗೆ ಬೆರಳು ತೋರಿಸುವುದನ್ನು ನೋಡುವ ಭಾಗ್ಯ ನನ್ನದಾಯಿತು. "ಇನ್ನೊಂದ್ಸಲ ಒರೆಸಪ್ಪಾ, ಕಿರುಬೆರಳು ಬಿಟ್ಟಿದ್ದೀಯ," ಎಂದಳು. ಅವರು ಒರೆಸಿದರು.

ಮೂವತ್ತೊಂಬತ್ತು ಜನ ಬಂದರೂ ದುಂಡಣ್ಣ 71ಕ್ಕೆ ನಿಂತಿದ್ದಾನೆ. ಇನ್ನೂ ಆರು ಇಳಿಯಬೇಕು.

ಮಧ್ಯಾಹ್ನ ಆಸ್ಪತ್ರೆಯ ನರ್ಸು ಬಂದರು. ರಾತ್ರಿ ಪಾಳಿ ಮುಗಿಸಿ ಮನೆಕೆಲಸ ಮುಗಿಸಿ ಬಂದಿದ್ದರು. ಪುಸ್ತಕ ತೆರೆದರೆ 'ಇಪ್ಪತ್ತು ನಿಮಿಷ ಕಣ್ಣು ಮುಚ್ಚು' ಪಟ್ಟಿ ಸಿಕ್ಕಿತು. ವಿಧೇಯರಾಗಿ ಕಣ್ಣು ಮುಚ್ಚಿದರು. ಒಂದೂಮುಕ್ಕಾಲು ಗಂಟೆ ಗೊರಕೆ ಹೊಡೆದರು. ಗ್ರಂಥಾಲಯದಲ್ಲಿ ಮಾತಾಡಬಾರದು, ತಿನ್ನಬಾರದು ಎಂದು ನಿಯಮವಿದೆ, ಗೊರಕೆ ಹೊಡೆಯಬಾರದು ಎಂದು ಎಲ್ಲೂ ಇಲ್ಲ. ನಿಯಮ ಪುಸ್ತಕ ತೆಗೆದು ನೋಡಿಯೇ ಬಿಟ್ಟೆ. ಫ್ಯಾನನ್ನು ಅವರ ಕಡೆಯಿಂದ ಸ್ವಲ್ಪ ತಿರುಗಿಸಿದೆ, ಒದ್ದೆ ಕೂದಲಿಗೆ ಗಾಳಿ ತಾಗಿ ನೆಗಡಿಯಾಗಬಾರದು.

ಜುಲೈ 24

ದುಂಡಣ್ಣ: 70. ನಿನ್ನೆಯೂ 70. ಇನ್ನಾರು ದಿನ.

ಕಾರಣ ಗೊತ್ತಾಯಿತು. ಜನರಿಂದ ಇಳಿಸುವಷ್ಟು ಇಳಿಸಿ ಆಯಿತು, ಮಿಕ್ಕ ತೇವ ಪುಸ್ತಕಗಳಲ್ಲೇ ಇದೆ. ಎರಡು ಮಳೆಗಾಲದ ನೀರು ಕುಡಿದು ಕೂತಿರುವ ಒಂಬೈನೂರ ಹದಿನೇಳು ಪುಸ್ತಕ ಒಳಗಿಂದೊಳಗೇ ಉಸಿರು ಬಿಡುತ್ತಿವೆ. ಎಲ್ಲವನ್ನೂ ಬಿಡಿಸಿಡಲು ನನಗೆ ಜಾಗವಿಲ್ಲ, ಇರುವುದು ಎರಡು ಮೇಜು.

ಬೇಕರಿಯವರು ಹೇಳಿದರು: "ನಮ್ಮ ಒಲೆ ಮೇಲಿನ ಅಟ್ಟದಲ್ಲಿ ಬಿಸ್ಕತ್ತು ಒಂದು ತಿಂಗಳಾದ್ರೂ ಮೆತ್ತಗಾಗಲ್ಲ ಮೇಡಂ. ಹತ್ತು ಪುಸ್ತಕ ಕೊಡಿ, ಒಣಗಿಸಿ ತರ್ತೀನಿ."

ಬೇಕರಿ. ಬೆಣ್ಣೆ. ಹಿಟ್ಟು. ಇಲಿ. ನನ್ನ ಪುಸ್ತಕ. ಆಗುವುದೇ ಇಲ್ಲ ಎಂದೆ. ಅವರು ಮುಖ ಸಣ್ಣದು ಮಾಡಿಕೊಂಡು, "ಸರಿ ಮೇಡಂ," ಎಂದರು. ಆ ಹೆಗಲಿಗೆ ಆ ಸಣ್ಣ ಮುಖ ಹೊಂದುವುದಿಲ್ಲ, ನೋಡಲಾಗುವುದಿಲ್ಲ. ಮೂರು ಕೊಟ್ಟೆ. ಯಾರೂ ಕೇಳದ ಮೂರು.

ಜುಲೈ 26

ಮೂರೂ ವಾಪಸು ಬಂದವು. ಗರಿಗರಿ. ಹಾಳೆ ತಿರುಗಿಸಿದರೆ ಸದ್ದು ಬರುತ್ತದೆ. ಮುಗ್ಗಲು ವಾಸನೆ ಹೋಗಿ ಬ್ರೆಡ್ಡಿನ ವಾಸನೆ ಬಂದಿದೆ. 'ಭೂಗೋಳ ಪ್ರವೇಶಿಕೆ'ಯನ್ನು ಮೂಗಿಗೆ ಹಿಡಿದುಕೊಂಡೇ ಅರ್ಧ ಗಂಟೆ ಕೂತಿದ್ದೆ. ಯಾರೂ ನೋಡಲಿಲ್ಲ. ಪೇಪರ್ ತಾತ ನೋಡಿದರು, ಆದರೆ ಅವರು ಹೇಳುವವರಲ್ಲ.

ಅವರ ಮನೆಯವರ, ಕೆಲಸದವರ ಕಾರ್ಡುಗಳ ಮೇಲೆ ಇನ್ನೂ ಮೂವತ್ತು ಕೊಟ್ಟು ಕಳಿಸಿದೆ.

ಜುಲೈ 30

ಅಧಿಕಾರಿ ಬಂದರು. ರಾಕ್ಷಸನಂತಿರುತ್ತಾರೆ ಎಂದುಕೊಂಡಿದ್ದೆ. ಸಣಕಲು ಮನುಷ್ಯ, ಒದ್ದೆ ಬೂಟು, ಕುಂಟುತ್ತಿದ್ದರು. ಜಗಲಿಯಲ್ಲಿ ಚಿಕ್ಕಮ್ಮ ಬಿಡಲಿಲ್ಲ.

"ನಾನು ಕೇಂದ್ರ ಕಚೇರಿಯಿಂದ ಬಂದಿದ್ದೀನಿ," ಎಂದರು.

"ಎಲ್ಲಿಂದ ಬಂದ್ರೂ ಕಾಲು ಎರಡೇ ಅಲ್ವೇನಪ್ಪಾ. ಬೂಟು ಬಿಚ್ಚು."

ಬಿಚ್ಚಿದರು. ಬೆರಳ ಸಂದಿ ಪಾಪ ಕೆಂಡದಂತಾಗಿತ್ತು. ಚಿಕ್ಕಮ್ಮ ಪೌಡರು ಹಾಕುವಾಗ ಅವರು ಕಣ್ಣು ಮುಚ್ಚಿಕೊಂಡು ಹಾ ಎಂದರು. ಒಳಗೆ ಬಟ್ಟೆ ಚಪ್ಪಲಿಯಲ್ಲಿ ಬಂದರು, ಬಿಸಿನೀರು ಕುಡಿದರು. ತಮ್ಮ ಚೀಲದಿಂದ ಇನ್ನೊಂದು ದುಂಡಣ್ಣನನ್ನು ತೆಗೆದು ಮೇಜಿನ ನಡುವೆ ಇಟ್ಟರು. ಓದುಗರು ಇಪ್ಪತ್ತೇಳು ಜನ ಉಸಿರು ಬಿಗಿಹಿಡಿದು ನಿಂತರು, ಉಸಿರಿನಲ್ಲೂ ತೇವ ಇರುತ್ತದೆ ಎಂದು ಯಾರೋ ಹೇಳಿದ್ದರಂತೆ. ಟೈಲರಮ್ಮನ ಮುಖ ನೀಲಿಯಾಯಿತು.

ಅರವತ್ತೊಂಬತ್ತು.

"ನಾಲ್ಕು ಹೆಚ್ಚು," ಎಂದರು ಅಧಿಕಾರಿ, ಮೆಲ್ಲಗೆ. "ನನಗೆ ಬೇಜಾರಿದೆ ಮೇಡಂ. ಆದ್ರೆ ನಾನು ಅರವತ್ತೊಂಬತ್ತನ್ನ ಅರವತ್ತೈದು ಅಂತ ಬರೆಯೋಕಾಗಲ್ಲ. ಎರಡನೇ ತಾರೀಕು ವ್ಯಾನ್ ತರ್ತೀನಿ."

ಆದೇಶದ ಪ್ರತಿ ಕೊಟ್ಟು ಸಹಿ ತೆಗೆದುಕೊಂಡರು. ಎಲ್ಲರೂ ಹೋದ ಮೇಲೆ ಕಪಾಟಿನ ಹಿಂದೆ ಹೋಗಿ ಅತ್ತೆ. ಚೆನ್ನಾಗಿಯೇ ಅತ್ತೆ. ನಾನೂ ಒಂದೂವರೆ ತಿಂಗಳ ಮಳೆಯನ್ನು ಒಳಗೆ ಹಿಡಿದಿಟ್ಟುಕೊಂಡಿದ್ದೆ, ಎಲ್ಲ ಹೊರಗೆ ಹೋಯಿತು. ಮೇಜಿನ ಮುಂದೆ ಕೂತು ಸಂಖ್ಯೆ ಬರೆಯುವ ಕೆಲಸಕ್ಕೆ ಅಂಜಿಕೆಯಿಲ್ಲ. ಪುಸ್ತಕಗಳು ಹಗ್ಗ ಬಿಚ್ಚದೆ ಬೀಳುತ್ತವಲ್ಲ, ಅದಕ್ಕೆ ಅತ್ತದ್ದು. ಬ್ರೆಡ್ಡಿನ ವಾಸನೆ ಬರುವ ಭೂಗೋಳವನ್ನು ಅಲ್ಲಿ ಯಾರು ತೆರೆಯುತ್ತಾರೆ?

ಜುಲೈ 31

ಬೆಳಿಗ್ಗೆ ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಆದೇಶ ಓದುತ್ತಿದ್ದಳು.

"'ಶಾಖೆಯ ಕಪಾಟುಗಳಲ್ಲಿ ಇರುವ ಪುಸ್ತಕಗಳನ್ನು' ಅಂತಿದೆ. ಬೇಕರಿಯವನ ಅಟ್ಟದಲ್ಲಿ ಇರೋದಕ್ಕೆ ಏನ್ಮಾಡ್ತಾರೆ?"

"ಅದು ಓದುಗರ ಕೈಲಿರೋದು. ಅವಧಿ ಮುಗಿದ ಮೇಲೆ ವಾಪಸ್ ಬರುತ್ತೆ."

"ಅವಧಿ ಯಾವಾಗ ಮುಗಿಯುತ್ತೆ?"

"ಮೂರು ವಾರ. ಬೇಕಿದ್ರೆ ಶಾಖೆಯವರು ವಿಸ್ತರಿಸಬಹುದು."

"ಶಾಖೆಯವರು ಅಂದ್ರೆ ಯಾರು?"

ನಾನು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲವೂ ವಿಸ್ತರಿಸದ ನಾನು. ಹೆರಿಗೆಗೆ ಹೋದವಳಿಗೂ ನೆನಪೋಲೆ ಕಳಿಸಿದ ನಾನು.

ಚಿಕ್ಕಮ್ಮ ಕನ್ನಡಕದ ಮೇಲಿಂದ ನೋಡಿದಳು. ನಾನೂ ನೋಡಿದೆ. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬೇಕರಿಗೆ ಓಡಿದೆ. ನೆನೆದೆ. ಒರೆಸಿಕೊಳ್ಳಲೂ ಹೊತ್ತಿರಲಿಲ್ಲ.

ಆಗಸ್ಟ್ 1

ಬೆರಳು ನೋಯುತ್ತಿದೆ. ಮುದ್ರೆ ಒತ್ತಿ ಒತ್ತಿ ಅಂಗೈ ನೇರಳೆಯಾಗಿದೆ. ಎಷ್ಟು ಬರೆದರೂ ಮುಗಿಯದು, ಆದರೂ ಬರೆಯುತ್ತೇನೆ.

ಬೇಕರಿಯವರು ನಿನ್ನೆಯಿಂದ ಪ್ರತಿ ಬ್ರೆಡ್ಡಿನ ಜೊತೆ ಸುದ್ದಿಯನ್ನೂ ಕಟ್ಟಿ ಕೊಟ್ಟಿದ್ದಾರೆ. ಬೆಳಿಗ್ಗೆ ಬಾಗಿಲು ತೆರೆದರೆ ಸಾಲು ಬೀದಿ ತಿರುವಿನವರೆಗೆ. ಮಳೆ ಸುರಿಯುತ್ತಿದೆ, ಯಾರೂ ಕದಲುತ್ತಿಲ್ಲ. ಒಂದು ಕಾರ್ಡಿಗೆ ನಾಲ್ಕು ಪುಸ್ತಕ. ನೂರ ಎಂಬತ್ತೊಂದು ಹಳೆಯ ಕಾರ್ಡು, ನಿನ್ನೆ ಇವತ್ತು ಸೇರಿ ನಲವತ್ತೆಂಟು ಹೊಸವು. ಒಂದೇ ಷರತ್ತು ಹಾಕಿದೆ: ಪುಸ್ತಕವನ್ನು ಎಲ್ಲಿ ಒಣಗಿಸುತ್ತೀರಿ ಎಂದು ಹೇಳಬೇಕು. ನನಗೆ ಒಪ್ಪಿಗೆಯಾದರೆ ಮುದ್ರೆ.

ಟೈಲರಮ್ಮ: ಇಸ್ತ್ರಿ ಮೇಜಿನ ಪಕ್ಕ. ಒಪ್ಪಿದೆ. ನರ್ಸು: ಆಸ್ಪತ್ರೆಯಲ್ಲಿ ಹಾಸಿಗೆಬಟ್ಟೆ ಒಣಗಿಸುವ ಕೋಣೆ. ಒಪ್ಪಿದೆ, ಜೊತೆಗೆ ಅಲ್ಲಿ ಕೆಲಸ ಮಾಡುವ ಆರು ಜನಕ್ಕೂ ಕಾರ್ಡು ಮಾಡಿಕೊಟ್ಟೆ. ಬಸ್ ಡ್ರೈವರು: ಎಂಜಿನ್ನಿನ ಮೇಲಿನ ಮುಚ್ಚಳ. ಅದರ ಬಗ್ಗೆ ಚರ್ಚೆಯಾಯಿತು, ಕೊನೆಗೆ ಡ್ರೈವರ ಹೆಂಡತಿಯ ಟ್ರಂಕಿಗೆ ಒಪ್ಪಿದೆ. ಬ್ಯಾಂಕಿನ ಮ್ಯಾನೇಜರು ತಿಜೋರಿ ಕೋಣೆ ಎಂದರು, ಅಲ್ಲಿ ಏಸಿ ಇದೆಯಂತೆ. ಎರಡು ಸಲ ಒಪ್ಪಿದೆ. ಚಿಕ್ಕಮ್ಮ ತನ್ನ ಹೆಸರಿನಲ್ಲಿ ಕಾರ್ಡು ಮಾಡಿಸಿ, ನಾಲ್ಕೂ ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದಾಳೆ. ಎಲ್ಲ ಪುಸ್ತಕಕ್ಕೂ ಮುದ್ರೆ: ಮಳೆ ನಿಲ್ಲುವವರೆಗೆ. ಎಲ್ಲದರಲ್ಲೂ ಒಂದೊಂದು ಪಟ್ಟಿ, ಈ ಸಲ ಬೇಕೆಂದೇ ಇಟ್ಟದ್ದು. 'ಇದನ್ನು ಒಣಗಿಸು. ಹಾಗೇ ನೀನೂ ಒಣಗು.'

ಸಾಲಿನ ಕೊನೆಯಲ್ಲಿ ಪೇಪರ್ ತಾತ. ಹದಿನೈದು ವರ್ಷದಲ್ಲಿ ಮೊದಲ ಸಲ ಮೇಜಿನ ಮುಂದೆ ನಿಂತರು.

"ನನಗೆ ದಪ್ಪಂದು ನಾಲ್ಕು ಕೊಡಮ್ಮ," ಎಂದರು. "ಓದೋದಿಲ್ಲ ಅಂತ ಈಗ್ಲೇ ಹೇಳ್ಬಿಡ್ತೀನಿ. ಮನೇಲಿ ನಾನೊಬ್ಬನೇ. ಒಣಗಿಸಿಕೊಂಡು ಕೂರೋಕೆ ಏನಾದ್ರೂ ಇದ್ರೆ ಒಲೆ ಹಚ್ಚೋಕೂ ಮನಸ್ಸು ಬರುತ್ತೆ."

ಇರುವುದರಲ್ಲೇ ಅತಿ ದಪ್ಪದ ನಾಲ್ಕು ಕೊಟ್ಟೆ. ಒಂದು ನಿಘಂಟು. ಅವರು ಅದನ್ನು ಮಗುವಿನಂತೆ ಎದೆಗವಚಿಕೊಂಡು ಅಂಗಿಯೊಳಗೆ ಸೇರಿಸಿಕೊಂಡರು.

ಒಳಗೆ ಎಂಥ ಗಲಾಟೆ ಎಂದರೆ, ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ನಾನೂ ಕೂಗಿಯೇ ಮಾತಾಡಿದೆ. ಯಾರೋ ಜೋಕು ಹೇಳಿದರು, ಏನೆಂದು ನೆನಪಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಧ್ಯಾಹ್ನದ ಇಪ್ಪತ್ತು ನಿಮಿಷ ಬಿಟ್ಟುಹೋಯಿತು. ಆದರೂ ಸುಸ್ತಿಲ್ಲ.

ಆಗಸ್ಟ್ 2

ಬೆಳಿಗ್ಗೆ ಖಾಲಿ ಕಪಾಟುಗಳ ನಡುವೆ ಓಡಾಡಿದೆ. ಕೋಣೆ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ದುಂಡಣ್ಣ: 61.

ಇನ್ನೂರ ಇಪ್ಪತ್ತೊಂಬತ್ತು ಕಾರ್ಡು, ಒಂಬೈನೂರ ಹದಿನಾರು ಪುಸ್ತಕ. ಒಂದು ಉಳಿದುಬಿಟ್ಟಿತ್ತು. 'ಕೋಳಿ ಸಾಕುವವರಿಗೆ ನೂರು ಸಲಹೆ.' ಕೆಳಗಿನ ಸಾಲಿನಲ್ಲಿ ಗೋಡೆಗೊರಗಿ ಬಿದ್ದಿತ್ತು, ಯಾರ ಕಣ್ಣಿಗೂ ಬಿದ್ದಿಲ್ಲ. ಅದನ್ನು ಕೈಯಲ್ಲಿ ಹಿಡಿದು ನಿಂತಿರುವಾಗಲೇ ವ್ಯಾನಿನ ಸದ್ದು.

ಅಧಿಕಾರಿ ಬಂದರು. ಹೇಳದೆಯೇ ಬೂಟು ಬಿಚ್ಚಿ, ಒರೆಸಿ, ಚಿಕ್ಕಮ್ಮನಿಗೆ ತೋರಿಸಿ ಒಳಗೆ ಬಂದರು. ಕುಂಟುತ್ತಿರಲಿಲ್ಲ. ಹಗ್ಗದ ಸುರುಳಿ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟರು. ಬಹಳ ಹೊತ್ತು ಕಪಾಟುಗಳನ್ನು ನೋಡಿದರು. ಆದೇಶ ತೆಗೆದು ಒಮ್ಮೆ ಓದಿಕೊಂಡರು, ನಾನು ವಹಿ ಮುಂದೆ ಇಟ್ಟೆ. ಒಂದೊಂದೇ ಪುಟ ತಿರುಗಿಸಿದರು. ತಿರುಗಿಸುತ್ತಾ ಅವರ ಮೀಸೆ ಅಲುಗತೊಡಗಿತು.

"ಎಲ್ಲ ನಿಯಮದ ಪ್ರಕಾರ ಇದೆ," ಎಂದರು.

"ಎಲ್ಲ ನಿಯಮದ ಪ್ರಕಾರ," ಎಂದೆ.

"ಪುಸ್ತಕ ಸಾಗಿಸದೆ ಶಾಖೆ ಮುಚ್ಚೋ ಹಾಗಿಲ್ಲ. ಹೊರಗಿರೋ ಪುಸ್ತಕ ವಾಪಸ್ ಬರೋತನಕ ನೀವು ಜಾಗ ಬಿಡೋ ಹಾಗಿಲ್ಲ." ತಮ್ಮ ಚೀಲದಿಂದ ದುಂಡಣ್ಣನನ್ನು ತೆಗೆದಿಟ್ಟು ನೋಡಿದರು. "ಅರವತ್ತೊಂದು. ಮಳೆ ನಿಂತ ಮೇಲೆ ಬಂದು ಇನ್ನೊಂದು ಸಲ ನೋಡ್ತೀನಿ. ಆಗ ಪುಸ್ತಕಾನೂ ಒಣಗಿರುತ್ತೆ, ನಾನೂ ಒಣಗಿರ್ತೀನಿ." ಆಮೇಲೆ ನನ್ನ ಕೈ ಕಡೆ ಬೆರಳು ತೋರಿಸಿದರು. "ಅದೊಂದು ಇದೆಯಲ್ಲ ಮೇಡಂ. ಅದು ಯಾರದು?"

ಶಾಖೆಯದು ಎಂದರೆ ಅದೊಂದನ್ನೇ ವ್ಯಾನಿಗೆ ಹಾಕುತ್ತಾರೆ, ಆ ಒಂದು ಪುಸ್ತಕದ ಜೊತೆ ಶಾಖೆಯೂ ಹೋಗುತ್ತದೆ. ಕಾರ್ಡಿನ ಪೆಟ್ಟಿಗೆ ಎಳೆದೆ. ಹೊಸ ಕಾರ್ಡು ತೆಗೆದೆ. ಸಂಖ್ಯೆ ಇನ್ನೂರ ಮೂವತ್ತು. ಹೆಸರು ಬರೆದೆ, ವಿಳಾಸ ಬರೆದೆ. 'ಓದುಗರ ಸಹಿ' ಎಂಬಲ್ಲಿ ಪೆನ್ನು ನಿಂತಿತು. ಇಪ್ಪತ್ತೆರಡು ವರ್ಷದಿಂದ ಆ ಜಾಗದಲ್ಲಿ ಇನ್ನೂರಕ್ಕೂ ಹೆಚ್ಚು ಜನರ ಸಹಿ ಹಾಕಿಸಿದ್ದೇನೆ. ಒಂದೇ ಒಂದು ಪುಸ್ತಕವನ್ನೂ ನಾನು ಮನೆಗೆ ಒಯ್ದಿಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಕಾಯುವುದೊಂದೇ ನನ್ನ ಕೆಲಸ ಎಂದುಕೊಂಡಿದ್ದೆ.

ಸಹಿ ಹಾಕಿದೆ.

"ನನ್ನದು," ಎಂದೆ.

ಅಧಿಕಾರಿ ವರದಿಯಲ್ಲಿ 'ಸಾಗಿಸಬೇಕಾದ ಪುಸ್ತಕಗಳು: ಸೊನ್ನೆ' ಎಂದು ಬರೆದು, ಹಗ್ಗ ಸುತ್ತಿಕೊಂಡು ಹೋದರು. ಖಾಲಿ ವ್ಯಾನು ನೀರು ಚಿಮ್ಮಿಸುತ್ತಾ ಬೀದಿ ದಾಟಿತು. ಚಿಕ್ಕಮ್ಮ ಜಗಲಿಯಲ್ಲಿ ನಿಂತು ಅದಕ್ಕೆ ಟವೆಲು ಬೀಸಿದಳು.

ಈಗ ಮನೆಯಲ್ಲಿದ್ದೇನೆ, ಸಂಜೆ ಆರು ಗಂಟೆ. ಕಾಲು ಬಿಸಿನೀರಿನ ಬಕೆಟ್ಟಿನಲ್ಲಿದೆ, ಮಡಿಲಲ್ಲಿ ಕೋಳಿ ಪುಸ್ತಕ. ಮಳೆಗಾಲದಲ್ಲಿ ಕೋಳಿಗಳ ಕಾಲೂ ಒಣಗಿರಬೇಕಂತೆ, ಮಲಗುವ ಜಾಗ ಬೆಚ್ಚಗಿರಬೇಕಂತೆ, ಗದರಿಸಿದರೆ ಮೊಟ್ಟೆ ಇಡುವುದಿಲ್ಲವಂತೆ. ಎಷ್ಟು ಚೆನ್ನಾಗಿ ಬರೆದಿದ್ದಾರೆ ಎಂದರೆ, ಜೋರಾಗಿ ಓದಿ ಹೇಳುತ್ತಿದ್ದೇನೆ. ಚಿಕ್ಕಮ್ಮ ನಗುತ್ತಿದ್ದಾಳೆ. ಮೂವತ್ತೆಂಟನೇ ಸಲಹೆಯಲ್ಲಿದ್ದೇನೆ. ಇನ್ನು ಬರೆಯಲಾರೆ, ಮುಂದೇನೆಂದು ತಿಳಿಯಬೇಕು.